ಹಗೇವಿನ ಉಸಿರು

ನಮ್ಮ ಹಿತ್ತಿಲಿನಲ್ಲಿ ಒಂದು ಹಗೇವು ಇದೆ ಎಂದು, ನಾನು ಮದುವೆಯಾಗಿ ಆ ಮನೆಗೆ ಬಂದ ಇಪ್ಪತ್ತಮೂರು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ, ಮೈದುನನಿಗೂ ಗೊತ್ತಿರಲಿಲ್ಲ. ಇಬ್ಬರೂ ಅದರ ಮೇಲೆಯೇ ಆಡಿ ಬೆಳೆದವರು. ಆ ಜಾಗದಲ್ಲಿ ಯಾವಾಗಲೂ ಹುಲ್ಲಿನ ಬಣವೆ ಇರುತ್ತಿತ್ತು. ಹಳೇ ಬಣವೆ ಕರಗುವ ಹೊತ್ತಿಗೆ ಹೊಸದನ್ನು ಅಲ್ಲೇ ಒಟ್ಟುತ್ತಿದ್ದರು. ಹಿತ್ತಿಲು ಅಷ್ಟು ದೊಡ್ಡದಿದ್ದರೂ ಬಣವೆಯ ಜಾಗ ಮಾತ್ರ ಬದಲಾಗಲಿಲ್ಲ. ಯಾಕೆಂದು ನಾವ್ಯಾರೂ ಕೇಳಲಿಲ್ಲ.

ನಮ್ಮೂರು ಕಾಮಸಮುದ್ರದ ಕಡೆಗೆ. ಗಂಡ ಮತ್ತು ಮೈದುನ ಜಮೀನು, ಹಸು ನೋಡಿಕೊಳ್ಳುತ್ತಾರೆ. ನಾನು ಆಂಡರ್ಸನ್‌ಪೇಟೆಯ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹುಟ್ಟಿ ಬೆಳೆದದ್ದು ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರರ ಲೈನುಮನೆಗಳಲ್ಲಿ. ಅಪ್ಪ ಗಣಿ ಮುಚ್ಚುವವರೆಗೂ ನೆಲದಡಿ ಕೆಲಸ ಮಾಡಿದವರು. ಈಗಲೂ ಅದೇ ಲೈನಿನ ಮನೆಯಲ್ಲಿ ನನ್ನ ತಮ್ಮನ ಜೊತೆ ಇದ್ದಾರೆ. ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬಂದು ನಾಲ್ಕು ದಿನ ಇದ್ದು ಹೋಗುತ್ತಾರೆ.

ಎರಡು ವರ್ಷದ ಹಿಂದೆ ಸೀಮೆಹಸುಗಳು ಹೆಚ್ಚಾಗಿ ಹಳೆಯ ಕೊಟ್ಟಿಗೆ ಸಾಲದಾಯಿತು. ಬಣವೆಯ ಜಾಗದಲ್ಲಿ ಹೊಸದು ಕಟ್ಟೋಣ ಎಂದು ಮೈದುನ ಹೇಳಿದಾಗ ಅತ್ತೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದರು.

"ಅಲ್ ಬ್ಯಾಡ. ಅದು ಬಣವೆ ಜಾಗ."

"ಬಣವೆ ಇನ್ನೊಂದ್ ಕಡೆ ಒಟ್ಟಿದ್ರಾಯ್ತಮ್ಮಾ."

"ಬ್ಯಾಡ ಅಂದ್ರೆ ಬ್ಯಾಡ ಕಣ್ಲಾ."

ಕಾರಣ ಹೇಳಲಿಲ್ಲ. ವಯಸ್ಸಾದವರ ಹಟ ಎಂದುಕೊಂಡೆವು. ಅವರು ಬಂಗಾರಪೇಟೆಯಲ್ಲಿರುವ ನನ್ನ ನಾದಿನಿಯ ಮನೆಗೆ ಹೋಗುವ ಭಾನುವಾರ ಜೆಸಿಬಿ ಕರೆಸಿ, ಅವರು ವಾಪಸು ಬರುವುದರೊಳಗೆ ನೆಲ ಮಟ್ಟ ಮಾಡಿಸಿಬಿಡೋಣ ಎಂದು ಉಪಾಯ ಹೇಳಿದವಳು ನಾನೇ.

ಸ್ಕೂಲು ಶುರುವಾಗಿ ಮೂರು ವಾರವಾಗಿತ್ತು. ಮಳೆ ಇನ್ನೂ ಹಿಡಿದಿರಲಿಲ್ಲ. ಅಪ್ಪ ಆಗ ನಮ್ಮಲ್ಲೇ ಇದ್ದರು. ಮೈದುನನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಮಗು ಹುಟ್ಟಿ ಹನ್ನೆರಡು ದಿನ. ಬೆಳಿಗ್ಗೆ ಹತ್ತರ ಸುಮಾರಿಗೆ ಜೆಸಿಬಿಯ ಹಲ್ಲು ಏನಕ್ಕೋ ಸಿಕ್ಕಿ ಕಿರ್ರೆಂದಿತು. ಡ್ರೈವರ್ ಮೆಲ್ಲಗೆ ಎತ್ತಿದ. ಬೀಸುವ ಕಲ್ಲಿಗಿಂತ ಸ್ವಲ್ಪ ಅಗಲದ ಒಂದು ಚಪ್ಪಡಿ ಓರೆಯಾಗಿ ಎದ್ದು ಪಕ್ಕಕ್ಕೆ ಬಿತ್ತು. ಕೆಳಗೆ ಗುಂಡನೆಯ ಕಪ್ಪು ಬಾಯಿ.

ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜಕ್ಕೇ ಹಗೇವು ಎನ್ನುವುದು. ಹೂಜಿಯ ಹಾಗೆ ಇರುತ್ತದೆ: ಒಬ್ಬರು ಮೈ ಕಿರಿದು ಮಾಡಿಕೊಂಡು ತೂರುವಷ್ಟು ಬಾಯಿ, ಒಳಗೆ ಅಗಲವಾದ ಹೊಟ್ಟೆ. ಸುತ್ತ ಹುಲ್ಲು ಹಾಸಿ ರಾಗಿ ಸುರಿದು, ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ನಾನು ಕೇಳಿ ಬಲ್ಲೆನೇ ಹೊರತು ಕಣ್ಣಾರೆ ನೋಡಿದ್ದು ಅದೇ ಮೊದಲು.

ಮೈದುನ ಮೊಬೈಲಿನ ಟಾರ್ಚ್ ಬಿಟ್ಟು ಬಗ್ಗಿ ನೋಡಿದ. "ಅತ್ಗೇ, ರಾಗಿ! ಇನ್ನೂ ಅಂಗೇ ಐತೆ!"

ನಾನೂ ನೋಡಿದೆ. ಎರಡು ಆಳಿನಷ್ಟು ಕೆಳಗೆ ರಾಗಿ ಹರಡಿಕೊಂಡಿತ್ತು, ಅಂಚಿನಲ್ಲಿ ಬೆಳ್ಳಗೆ ಬೂಷ್ಟು, ನಡುವೆ ಮಾತ್ರ ಈಗ ತಾನೇ ಸುರಿದಂತೆ ಕೆಂಪಗೆ. ಮುಖಕ್ಕೆ ಬೆಚ್ಚಗೆ ಒಂದು ಹುಳಿ ವಾಸನೆ ಹೊಡೆಯಿತು. ಏನೋ ನಿಧಿ ಸಿಕ್ಕವರಂತೆ ನಾವೆಲ್ಲ ನಗುತ್ತಿದ್ದೆವು. ಮೈದುನ ಆಗಲೇ ಪಂಚೆ ಎತ್ತಿ ಕಟ್ಟುತ್ತಿದ್ದ.

ಅಪ್ಪ ಜಗಲಿಯಿಂದ ಎದ್ದು ಬಂದರು. "ಇಳೀಬೇಡ ಕಣಪ್ಪಾ. ಮುಚ್ಚಿಟ್ಟಿದ್ ಗಾಳಿ ಅದು. ಒಂದಿನ ಬಾಯ್ ತೆಗ್ದು ಬಿಡ್ರಿ. ದೀಪ ಕಟ್ಟಿ ಬಿಟ್ಟು ನೋಡಿ, ಆಮೇಲೆ ಇಳೀರಿ."

"ಇದೇನ್ ಚಿನ್ನದ್ ಗಣಿನಾ ಮಾಮಾ? ರಾಗಿ ಗುಂಡಿ. ಇಳ್ದು ಒಂದ್ ಪುಟ್ಟಿ ತುಂಬ್ಕೊಂಡು ಬಂದ್ಬುಡ್ತೀನಿ."

"ಅಪ್ಪಾ, ನಿಮ್ಗೆ ಎಲ್ಲಾ ಗುಂಡಿನೂ ಗಣೀನೇ," ಎಂದೆ ನಾನು. ಎಲ್ಲರೂ ನಕ್ಕರು.

ಅಪ್ಪ ನಗಲಿಲ್ಲ. ಹಸು ಕಟ್ಟುವ ಉದ್ದನೆಯ ಹಗ್ಗ ತಂದರು. "ಇಳ್ದೇ ಇಳೀತೀನಿ ಅಂದ್ರೆ ಇದನ್ನ ಕಟ್ಕೊ. ಸೊಂಟಕ್ಕಲ್ಲ, ಕಂಕುಳ ಕೆಳ್ಗೆ." ಮೈದುನ ಬೇಸರದಿಂದಲೇ ಕೈ ಎತ್ತಿ ನಿಂತ. ಅಪ್ಪ ತಾವೇ ಗಂಟು ಹಾಕಿ, ಎರಡು ಸಲ ಎಳೆದು ನೋಡಿ, ಇನ್ನೊಂದು ತುದಿಯನ್ನು ನನ್ನ ಗಂಡನ ಕೈಗೆ ಕೊಟ್ಟರು.

ಮೈದುನ ಏಣಿ ಇಟ್ಟುಕೊಂಡು ಇಳಿದ. ನಾನು ಮೇಲಿಂದ ಟಾರ್ಚ್ ಹಿಡಿದಿದ್ದೆ. "ಮೊಣ್ಕಾಲ್ ಗಂಟ ಮುಳುಗ್ತದೆ," ಎಂದು ನಕ್ಕ. ಪುಟ್ಟಿ ಕೇಳಿದ, ಇಳಿಬಿಟ್ಟೆವು. ಬಗ್ಗಿ ಎರಡು ಬೊಗಸೆ ತುಂಬಿದ. ಆಮೇಲೆ "ಅಣ್ಣಾ, ಯಾಕೋ..." ಎಂದ. ಕುಳಿತುಕೊಂಡ. ರಾಗಿ ಬಾಚಲು ಕುಳಿತ ಎಂದುಕೊಂಡೆ. ನಿಧಾನವಾಗಿ, ನಿದ್ದೆ ಬಂದವನ ಹಾಗೆ, ಮುಖ ಕೆಳಗೆ ಮಾಡಿ ರಾಗಿಯ ಮೇಲೆ ಒರಗಿಬಿಟ್ಟ.

ನಾನು ಅವನನ್ನು ಕರೆದೆ. ಇನ್ನೊಂದು ಸಲ ಕರೆದೆ. ಟಾರ್ಚಿನ ಬೆಳಕಿನಲ್ಲಿ ಅವನ ಬೆನ್ನು ಅಲುಗಲಿಲ್ಲ.

ನನ್ನ ಗಂಡ ಹಗ್ಗ ಬಿಟ್ಟು ಚಪ್ಪಲಿ ಒದ್ದು ಬಾಯಿಯೊಳಗೆ ಕಾಲು ಹಾಕಿದರು. ಎಪ್ಪತ್ತಾರು ವರ್ಷದ ಅಪ್ಪ ಅವರ ಅಂಗಿಯ ಕೊರಳು ಹಿಡಿದು ಹಿಂದಕ್ಕೆ ಕೆಡವಿದರು. ಅಳಿಯನನ್ನು ಬಹುವಚನ ಬಿಟ್ಟು ಮಾತಾಡಿಸದ ಅಪ್ಪ, ಗಣಿಯಲ್ಲಿ ಕೂಗುತ್ತಿದ್ದ ಗಂಟಲಿನಲ್ಲಿ ಕೂಗಿದರು.

"ವೇಣಾಂ! ಬೇಡ! ಇಳುದ್ರೆ ಎರಡ್ ಹೆಣ ಆಗ್ತದೆ. ಹಗ್ಗ ಹಿಡಿ! ಎಳಿ!"

ಡ್ರೈವರ್ ಹಾರಿ ಬಂದ. ನಾಲ್ವರೂ ಹಿಡಿದು ಎಳೆದೆವು. ಬಾಯಿಯ ಹತ್ತಿರ ಬಂದು ಭುಜ ಸಿಕ್ಕಿಕೊಂಡಿತು. ಅಪ್ಪ ಬೋರಲು ಮಲಗಿ, ಉಸಿರು ಕಟ್ಟಿಕೊಂಡು, ಒಳಗೆ ಕೈ ಹಾಕಿ ಭುಜ ತಿರುಗಿಸಿದರು. ಮೈದುನ ಮೇಲೆ ಬಂದ. ತುಟಿ ನೇರಳೆ ಹಣ್ಣಿನ ಬಣ್ಣ. ಮೂಗಿನಲ್ಲಿ, ಹುಬ್ಬಿನಲ್ಲಿ, ತೆರೆದ ಬಾಯೊಳಗೆಲ್ಲ ರಾಗಿ ಕಾಳು. ಅಪ್ಪ ಬಾಯಿಗೆ ಬೆರಳು ಹಾಕಿ ಕಾಳು ತೆಗೆದರು, ಎದೆ ಒತ್ತಿದರು, ಬೈದರು, ಒತ್ತಿದರು. ಹರಿದ ತಿದಿಯಂಥ ಒಂದು ಸದ್ದು ಬಂತು. ಅದು ಅವನ ಉಸಿರು.

ಎರಡು ನಿಮಿಷವೂ ಆಗಿರಲಿಲ್ಲ ಎಂದು ಡ್ರೈವರ್ ಆಮೇಲೆ ಹೇಳಿದ. ನಾನು ನಂಬಲಿಲ್ಲ.

ಆಂಬುಲೆನ್ಸಿನಲ್ಲಿ ಕೆಜಿಎಫ್ ಆಸ್ಪತ್ರೆಗೆ ಒಯ್ದೆವು. ಮೂಗಿಗೆ ಆಕ್ಸಿಜನ್ ಇಟ್ಟು, ಬದುಕುತ್ತಾನೆ, ಎರಡು ದಿನ ಇಲ್ಲೇ ಇರಲಿ ಎಂದರು. ಹೊರಗಿನ ಬೆಂಚಿನ ಮೇಲೆ ಕುಳಿತಾಗ ನನಗೆ ಶುಕ್ರವಾರದ ನನ್ನ ಪಾಠ ನೆನಪಾಯಿತು.

ಪ್ರತಿ ವರ್ಷ ಹತ್ತನೇ ತರಗತಿಗೆ ಮಾಡಿ ತೋರಿಸುತ್ತೇನೆ. ಮೊಳಕೆ ಕಟ್ಟಿದ ಕಡಲೆಯನ್ನು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಡುವುದು. ಮಾರನೆಯ ದಿನ ಮುಚ್ಚಳ ತೆಗೆದು ಉರಿಯುವ ಕಡ್ಡಿ ಒಳಗೆ ಬಿಡುವುದು. ಕಡ್ಡಿ ಪಕ್ಕನೆ ಆರುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. "ಬೀಜ ಒಣಗಿದ್ದರೂ ಸತ್ತಿರುವುದಿಲ್ಲ. ಬಹಳ ಮೆಲ್ಲಗೆ ಉಸಿರಾಡುತ್ತಿರುತ್ತದೆ. ತೇವ ತಗುಲಿದರೆ ಜೋರಾಗಿ ಉಸಿರಾಡುತ್ತದೆ, ಬೂಷ್ಟು ಬಂದರೆ ಬೂಷ್ಟೂ ಉಸಿರಾಡುತ್ತದೆ," ಎಂದು ಎರಡು ದಿನದ ಹಿಂದಷ್ಟೇ ಬರೆಸಿದ್ದೆ. ಇಪ್ಪತ್ತು ವರ್ಷದಿಂದ ಬರೆಸುತ್ತಿದ್ದೇನೆ. ಆ ಹಗೇವಿನ ಬಾಯಲ್ಲಿ ಟಾರ್ಚ್ ಹಿಡಿದು ನಿಂತು, ಅಂಚಿನ ಬೂಷ್ಟು ಕಣ್ಣಾರೆ ಕಂಡು, ಹುಳಿ ವಾಸನೆ ಮೂಸಿ, ನಾನು ನಕ್ಕಿದ್ದೆ. ಎರಡು ಆಳು ಮೀರಿದ ಆಳದ ಆ ಬಾಟಲಿಗೆ ಮನುಷ್ಯನನ್ನು ಇಳಿಸುವಾಗ ನನ್ನ ತಲೆಯಲ್ಲಿ ಒಂದಕ್ಷರವೂ ಹೊಳೆಯಲಿಲ್ಲ. ನಾಲ್ಕನೇ ಕ್ಲಾಸು ಓದಿದ ಅಪ್ಪನಿಗೆ ಹೊಳೆದಿತ್ತು. ನನಗೆ ಅಳು ಬರಲಿಲ್ಲ. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಕುಳಿತಿದ್ದೆ.

ಅತ್ತೆ ಬಂಗಾರಪೇಟೆಯಿಂದ ನಾದಿನಿಯ ಜೊತೆ ನೇರವಾಗಿ ಆಸ್ಪತ್ರೆಗೇ ಬಂದರು. ಫೋನಿನಲ್ಲಿ ನಾವು "ಗುಂಡಿಗೆ ಬಿದ್ದ" ಎಂದಷ್ಟೇ ಹೇಳಿದ್ದೆವು. ಮಗ ಹೇಗಿದ್ದಾನೆ ಎಂದು ಅವರು ಕೇಳಲಿಲ್ಲ.

"ಎಲ್ ಬಿದ್ದ?"

"ಬಣವೆ ಜಾಗ್ದಾಗೆ," ಎಂದರು ನನ್ನ ಗಂಡ. "ಅಗೇವು ಇತ್ತಮ್ಮಾ ಅಲ್ಲಿ."

ಅತ್ತೆ ಅವರ ಕೆನ್ನೆಗೆ ಹೊಡೆದರು. ಐವತ್ತರ ಮಗನಿಗೆ, ಆಸ್ಪತ್ರೆಯ ಕಾರಿಡಾರಿನಲ್ಲಿ, ಎಲ್ಲರೂ ತಿರುಗಿ ನೋಡುವಂತೆ. ಹೊಡೆದ ಮೇಲೆ ಗೋಡೆಗೆ ಒರಗಿ ಹಾಗೇ ಜಾರಿ ಕೆಳಗೆ ಕುಳಿತರು.

"ನಾನೇ ಇಳಿ ಅಂದೆ ಕಣ್ಲಾ. ನಾನೇ."

"ನೀನ್ ಇರ್ಲೇ ಇಲ್ಲ ಅಲ್ಲಿ. ಏನಂತಿದೀಯಮ್ಮಾ?"

ಬುದ್ಧಿ ಕಲಕಿತೇನೋ ಎಂದು ನಾನು ನೀರು ಕೊಟ್ಟೆ. ಕುಡಿಯಲಿಲ್ಲ. ಬಾಟಲಿಯನ್ನು ಎದೆಗೆ ಒತ್ತಿಕೊಂಡು, ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದರು.

"ನಾನ್ ಮದ್ವೆಯಾಗ್ ಬಂದು ಒಂದೊರ್ಷ ತುಂಬಿರ್ಲಿಲ್ಲ. ನಿಮ್ಮಪ್ಪನ್ ತಂಗಿ, ನನ್ಗಿಂತ ಎರಡೊರ್ಷಕ್ಕೆ ಸಣ್ಣೋಳು. ಗಂಡಸ್ರೆಲ್ಲಾ ಒಲಕ್ ಓಗಿದ್ರು. ಮನ್ಯಾಗೆ ರಾಗಿ ತೀರೋಗಿತ್ತು, ನೆಂಟ್ರು ಬಂದ್ ಕುಂತಿದ್ರು. ಬಾಯ್ ತೆಗ್ದು ಒಂದಿನ ಬಿಡ್ಬೇಕು ಅಂತ ನಂಗೆ ಯಾರ್ ಏಳಿದ್ರು? ನಮ್ ತವ್ರಾಗೆ ಅಗೇವೇ ಇರ್ಲಿಲ್ಲ. ಇಬ್ರೂ ಸೇರಿ ಚಪ್ಪಡಿ ಸರ್ಸಿದ್ವಿ. ನೀನ್ ಸಣ್ಕಿದೀಯ, ನೀನೇ ಇಳಿ ಅಂದೆ. ನಗ್ತಾ ಇಳುದ್ಲು."

ನಾದಿನಿ ಅವರ ಪಕ್ಕ ಕುಕ್ಕರಿಸಿ ಕುಳಿತಳು.

"ಮಾತಾಡ್ತಾ ಇದ್ಲು, ಸುಮ್ಕಾದ್ಲು. ನಾನ್ ಮ್ಯಾಲಿಂದ ಕರೀತಾನೇ ಇದ್ದೆ. ಆಟ ಆಡುಸ್ತಾವ್ಳೆ ಅಂದ್ಕೊಂಡು ನಗ್ತಾ ಕರೀತಿದ್ದೆ."

ಆ ಹುಡುಗಿ ನನ್ನ ಗಂಡನ ಮನೆಯಲ್ಲಿ ಹೊಸಬಳಲ್ಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆಯ ಪಕ್ಕ ಒಂದು ಚಿಕ್ಕ ಸೀರೆ, ಬಳೆ ಇಟ್ಟು ಪೂಜೆ ಮಾಡುತ್ತಾರೆ. ಹಾವು ಕಚ್ಚಿ ಹೋದ ಸೋದರತ್ತೆ ಎಂದು ಮಕ್ಕಳಿಗೆ ಹೇಳಿದ್ದರು. ನಾನೂ ಹಾಗೆಂದೇ ತಿಳಿದಿದ್ದೆ. ಹಾವಿನ ಕಥೆ ಕಟ್ಟಿದ್ದು ನನ್ನ ಅತ್ತೆಯ ಅತ್ತೆಯಂತೆ. ಮಗಳ ಹೆಣ ಮಡಿಲಲ್ಲಿಟ್ಟುಕೊಂಡೇ ಸೊಸೆಗೆ ಹೇಳಿದರಂತೆ: "ಉಳ ಮುಟ್ತು ಅನ್ನು. ಬ್ಯಾರೆ ಮಾತು ಆಡ್ಬೇಡ." ಆ ದಿನವೇ ಚಪ್ಪಡಿ ಎಳೆದು ಮಣ್ಣು ಹಾಕಿದರು. ಒಂದು ಸೇರು ರಾಗಿಯನ್ನೂ ಮೇಲೆ ತೆಗೆಯಲಿಲ್ಲ. ಅದರ ಮೇಲೆ ಬಣವೆ ಬಂತು.

ನನ್ನ ಗಂಡ ಮುಂದೆ ಬಂದರು. "ಒಂದ್ ಮಾತು ಏಳಿದ್ರೆ ಏನಾಗ್ತಿತ್ತು ನಿಂಗೆ? ಅವ್ನೂ ಓಗ್ತಿದ್ದ ಇವತ್ತು!"

"ಏಳಿದ್ರೆ ನೀವು ನನ್ ಕೈಯಾಗ್ ಉಣ್ತಿದ್ರಾ?" ಎಂದರು ಅತ್ತೆ.

ನನ್ನ ಗಂಡ ಹೊರಗೆ ಹೋಗಿ ಗೇಟಿನ ಹತ್ತಿರ ನಿಂತರು. ಆಮೇಲೆ ಬಹಳ ದಿನ ಅವರು ತಾಯಿಯ ಜೊತೆ ಮಾತಾಡಲಿಲ್ಲ.

ಮೈದುನ ಮೂರನೇ ದಿನ ಮನೆಗೆ ಬಂದ. ಅಷ್ಟರಲ್ಲಿ ಅಪ್ಪ ಹಗೇವಿನ ಬಳಿ ಕಾವಲು ಕುಳಿತಿದ್ದರು. ಒಂದು ಬುಡ್ಡಿ ದೀಪವನ್ನು ತಂತಿಗೆ ಕಟ್ಟಿ ದಿನಾ ಇಳಿಬಿಡುತ್ತಿದ್ದರು. ಮೊದಲ ದಿನ ಮೊಳದಾಳಕ್ಕೇ ಆರಿತು. ಬೇವಿನ ಕೊಂಬೆಗಳ ಒಂದು ಕಟ್ಟನ್ನು ಹಗ್ಗದಲ್ಲಿ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿದರು. ಐದನೇ ದಿನ ದೀಪ ರಾಗಿಯ ಮೇಲೆ ಕುಳಿತು ಉರಿಯಿತು. ಆಗಲೇ ನನ್ನ ಗಂಡನಿಗೆ ಇಳಿಯಲು ಬಿಟ್ಟದ್ದು, ಅದೂ ಹಗ್ಗ ಕಟ್ಟಿಯೇ.

ಹಾಗೇ ಮಣ್ಣು ತುಂಬಿಬಿಡೋಣ ಎಂದು ನಾವು ಅಂದಿದ್ದೆವು. ಅತ್ತೆ ಒಪ್ಪಲಿಲ್ಲ. "ಅದನ್ನ ಕಾಲ್ ಕೆಳ್ಗೆ ಇಟ್ಕೊಂಡು ಇಷ್ಟೊರ್ಷ ತಿರುಗಾಡಿದ್ದು ಸಾಕು. ಮ್ಯಾಲಾಕ್ರಿ." ಅಂಚಿನ ಬೂಷ್ಟು ರಾಗಿಯನ್ನು ತಿಪ್ಪೆಗೆ ಹಾಕಿದೆವು. ನಡುವಿನದ್ದನ್ನು ಚಾಪೆಯ ಮೇಲೆ ಹರಡಿದಾಗ ಊರವರು ಬಂದು ಬೊಗಸೆಯಲ್ಲಿ ಹಿಡಿದು ನೋಡಿದರು. ಹೊಸ ರಾಗಿಗೂ ಅದಕ್ಕೂ ವ್ಯತ್ಯಾಸ ಹೇಳುವಂತಿರಲಿಲ್ಲ. ತಿನ್ನಲು ಮಾತ್ರ ಯಾರಿಗೂ ಮನಸ್ಸಾಗಲಿಲ್ಲ.

ನನಗೆ ಒಂದೇ ಯೋಚನೆ. ಇದು ಹುಟ್ಟುತ್ತದೆಯೇ? ಸತ್ತ ಬೀಜ, ನಿದ್ದೆಯಲ್ಲಿರುವ ಬೀಜ, ಕೈಯಲ್ಲಿ ಹಿಡಿದರೆ ಎರಡೂ ಒಂದೇ. ನೀರು ಕೊಟ್ಟು ಕಾಯದ ಹೊರತು ಗೊತ್ತಾಗುವುದಿಲ್ಲ. ಪರೀಕ್ಷೆಗೆ ನೂರು ಕಾಳು ಎಣಿಸಲು ಒಂದು ಮುಷ್ಟಿಯನ್ನು ಮೊರಕ್ಕೆ ಹಾಕಿ ಕೇರಿದಾಗ ಕಾಳಿನ ನಡುವೆ ಏನೋ ಮಿಂಚಿತು. ಹಸಿರು ಗಾಜಿನ ಚೂರು. ಹುಡುಕಿದರೆ ಇನ್ನೆರಡು. ಜೋಡಿಸಿ ನೋಡಿದರೆ ಕಿರಿದಾದ ಬಳೆ, ನನ್ನ ನಾಲ್ಕು ಬೆರಳೂ ತೂರದಷ್ಟು. ಮೊರವನ್ನು ಹಾಗೇ ಕೆಳಗಿಟ್ಟು ಹಿತ್ತಿಲ ಬಾಗಿಲಲ್ಲಿ ನಿಂತುಕೊಂಡೆ. ಅತ್ತೆಗೆ ತೋರಿಸಬೇಕೋ ಬೇಡವೋ ಎಂದು ಎರಡು ದಿನ ಸೀರೆಯ ತುದಿಯಲ್ಲಿ ಗಂಟು ಕಟ್ಟಿಕೊಂಡು ತಿರುಗಿದೆ, ಕೊನೆಗೆ ತೋರಿಸಿದೆ. ಅವರು ಚೂರುಗಳನ್ನು ತೆಗೆದುಕೊಂಡು ದೇವರ ಗೂಡಿನಲ್ಲಿ ಇಟ್ಟರು.

ಒದ್ದೆ ಬಟ್ಟೆಯ ಮೇಲೆ ಹತ್ತು ಹತ್ತರ ಸಾಲಿನಲ್ಲಿ ಹಗೇವಿನ ನೂರು ಕಾಳು ಇಟ್ಟೆ. ಇನ್ನೊಂದು ಬಟ್ಟೆಯ ಮೇಲೆ ಕಳೆದ ಸುಗ್ಗಿಯ ನೂರು. ಮೂರನೇ ಬೆಳಿಗ್ಗೆ ಹೊಸ ರಾಗಿ ಬಿಳಿ ದಾರದಂತೆ ಬೇರು ಬಿಟ್ಟಿತು. ಹಳೆಯದು ಉಬ್ಬಿತು, ಅಷ್ಟೇ. ಅತ್ತೆ ಹಾಲು ಕರೆದು ಬಂದ ಕೂಡಲೇ ಬಟ್ಟೆ ಬಿಚ್ಚಿ ನೋಡುತ್ತಿದ್ದರು. ಐದನೇ ದಿನ ಇಲ್ಲ. ಎಂಟನೇ ದಿನ ಇಲ್ಲ. ಬೇರೆ ನೂರು ಕಾಳು ತೆಗೆದು ಬಿಸಿಲಿಗೆ ಇಟ್ಟು, ರಾತ್ರಿ ನೆನೆಸಿ, ಮತ್ತೆ ಇಟ್ಟೆ. ಆ ಕಾಳುಗಳು ಮೆತ್ತಗಾಗಿ ಲೋಳೆ ಬಂದು ನಾತ ಹೊಡೆದವು.

"ಒಂದೂ ಇಲ್ವಾ?" ಎಂದರು ಅತ್ತೆ.

"ಒಂದೂ ಇಲ್ಲ ಅತ್ತೆ. ಸತ್ತೋಗಿದೆ. ಇಷ್ಟು ವರ್ಷ ತಡೆಯಲ್ಲ ರಾಗಿ."

ಅವರು ಲೋಳೆಗಟ್ಟಿದ ಕಾಳುಗಳನ್ನು ಬೆರಳಿನಿಂದ ಒತ್ತಿ ನೋಡಿದರು. ಆಸ್ಪತ್ರೆಯಲ್ಲೂ ಅಳದ ಹೆಂಗಸು ಆಗ ಅತ್ತರು. "ಅವ್ಳ ಉಸ್ರು ತಿಂತಲ್ಲಮ್ಮಾ ಇದು. ಒಂದ್ ಮೊಳ್ಕೆ ಆದ್ರೂ ಬರ್ಬಾರ್ದಾ?"

ನಾನು ಪಾಠ ಹೇಳುವವಳು. ಬೀಜದೊಳಗಿನ ಜೀವ ವರ್ಷ ವರ್ಷಕ್ಕೂ ಹೇಗೆ ಸವೆಯುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಬಲ್ಲೆ. ಬಟ್ಟೆ ತೆಗೆದುಕೊಂಡು ಹೋಗಿ ಒಗೆದು ಹಾಕಿದೆ.

ಆ ವಾರ ಮಳೆ ಬಂತು. ಹಗೇವಿನ ಬಾಯಿಯ ಸುತ್ತ ಜೆಸಿಬಿ ತೆಗೆದು ಹಾಕಿದ್ದ ಮಣ್ಣಿನ ಗುಡ್ಡೆ ಹಾಗೇ ಇತ್ತು. ಎಂಟು ದಿನಕ್ಕೆ ಅದರ ಮೈತುಂಬ ಅಣ್ಣೆಸೊಪ್ಪು, ಹೆಜ್ಜೆ ಇಡಲು ಜಾಗವಿಲ್ಲದಷ್ಟು. ರಾಗಿ ಹೊಲದಲ್ಲಿ ನಾವು ಕಿತ್ತೆಸೆಯುವ ಕಳೆಯೇ ಅದು. ಸುತ್ತಲಿನ ನೆಲದಲ್ಲಿ ಅಲ್ಲೊಂದು ಇಲ್ಲೊಂದು. ಆ ಗುಡ್ಡೆಯ ಮೇಲೆ ಮಾತ್ರ ಕಂಬಳಿ ಹಾಸಿದಂತೆ. ಚಪ್ಪಡಿಯ ಮೇಲೆ ಮಣ್ಣು ಹಾಕಿದ ದಿನ ಅದರೊಳಗೆ ಸೇರಿದ್ದ ಬೀಜ ಅಷ್ಟು ವರ್ಷ ಕತ್ತಲಲ್ಲಿ ಮಲಗಿತ್ತು. ಸಾಸಿವೆಗಿಂತ ಸಣ್ಣ ಕಪ್ಪು ಬೀಜ. ಕೆಲವು ಬೀಜಗಳಿಗೆ ನೀರು ಸಾಲದು, ಬೆಳಕು ಬಿದ್ದರೆ ಮಾತ್ರ ಏಳುತ್ತವೆ. ಇದನ್ನೂ ನಾನು ಪುಸ್ತಕದಲ್ಲಿ ಓದಿದ್ದೆ. ಗುಡ್ಡೆಯ ಎದುರಿಗೆ ನೋಡುತ್ತ ನಿಂತೆ. ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ, ಜೋಪಾನ ಮಾಡಿದ್ದು ಅಷ್ಟೂ ಸತ್ತಿತ್ತು. ಇದನ್ನು ಯಾರೂ ಕೇಳಿದವರಿರಲಿಲ್ಲ.

ನಾನು ಹಾಗೆ ನಿಂತಿರುವಾಗಲೇ ಅತ್ತೆ ಬಂದು ಸೆರಗು ಒಡ್ಡಿ ಕುಡಿ ಚಿವುಟತೊಡಗಿದರು. ನನಗೆ ಗಾಬರಿಯಾಯಿತು. "ಅತ್ತೆ, ಈ ಮಣ್ಣಿಂದಾ?"

"ಎಳೇದೈತೆ. ಬಿಟ್ರೆ ಊವಾಗ್ಬುಡ್ತದೆ," ಎಂದರು, ಬೇರೇನೂ ಇಲ್ಲದವರಂತೆ.

ಮಧ್ಯಾಹ್ನ ಮಸ್ಸೊಪ್ಪು ಮಾಡಿದರು. ನಾನು ಸೊಪ್ಪನ್ನು ತಟ್ಟೆಯ ಬದಿಗೆ ಸರಿಸಿದೆ. ನನ್ನ ಗಂಡ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮುದ್ದೆ ಮುರಿದು ಅದ್ದಿ ನುಂಗಿದರು. "ಉಪ್ ಕಮ್ಮಿ ಆಗೈತಮ್ಮಾ," ಎಂದರು. ಅತ್ತೆ ಉಪ್ಪಿನ ಡಬ್ಬಿ ಮುಂದೆ ತಳ್ಳಿದರು. ನಾಲ್ಕು ವಾರದ ಮೇಲೆ ಆ ಮನೆಯಲ್ಲಿ ತಾಯಿ ಮಗನ ನಡುವೆ ನಡೆದ ಮೊದಲ ಮಾತು ಅದು.

ಹಗೇವಿಗೆ ಕಲ್ಲು ಮಣ್ಣು ತುಂಬಿಸಿದೆವು. ಕೊಟ್ಟಿಗೆ ಇನ್ನೊಂದು ಮೂಲೆಯಲ್ಲಿ ಎದ್ದಿತು. ಅಲ್ಲಿಗೆ ಮುಗಿಯಿತು ಎಂದುಕೊಂಡಿರುವಾಗ ಅಪ್ಪ ಒಂದು ಪ್ರಶ್ನೆ ಕೇಳಿದರು. "ಈ ಊರಲ್ಲಿ ಇದೊಂದೇನಾ ಇದ್ದಿದ್ದು?"

ಅತ್ತೆ ಬೆರಳು ಮಡಚಿ ಎಣಿಸಿದರು. ಇನ್ನೂ ಐದು. ಒಂದು ಬೀದಿಯಲ್ಲೇ, ಈಗ ಸಿಮೆಂಟ್ ರಸ್ತೆಯ ಕೆಳಗೆ. ಒಂದು ಯಾರದೋ ಹೊಸ ಮನೆಯ ಅಂಗಳದಲ್ಲಿ. ಹಗೇವುಗಳಲ್ಲಿ ರಾಗಿ ಉಳಿದಿದೆಯೋ ಖಾಲಿಯೋ ಗೊತ್ತಿಲ್ಲ, ಬಾಯಿ ಎಲ್ಲಿತ್ತು ಎಂದು ತಿಳಿದವರು ಊರಲ್ಲಿ ಅವರೊಬ್ಬರೇ ಉಳಿದಿದ್ದರು. ಆ ರಸ್ತೆಯ ಮೇಲೆ ಹಾಲಿನ ವ್ಯಾನು ದಿನಾ ಎರಡು ಸಲ ಓಡಾಡುತ್ತದೆ.

ಮಾರನೆಯ ಬೆಳಿಗ್ಗೆ ಅತ್ತೆ ಕೋಲು ಹಿಡಿದು ಹೊರಟರು. ಹಿಂದೆ ಅಪ್ಪ ಹಾರೆ ಹಿಡಿದು, ಅವರ ಹಿಂದೆ ಸುಣ್ಣದ ಬಕೆಟ್ಟಿನೊಂದಿಗೆ ಮೈದುನ. ಅತ್ತೆ ನಿಂತಲ್ಲಿ ಅಪ್ಪ ಹಾರೆಯಿಂದ ಕುಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಟೊಳ್ಳು ಸದ್ದು ಬಂದಲ್ಲಿ ಮೈದುನ ಸುಣ್ಣದಲ್ಲಿ ಗುಂಡಗೆ ಗೆರೆ ಎಳೆದ. ಯಾಕಜ್ಜೀ ಇದು ಎಂದು ಕೇಳಿದ ಪ್ರತಿಯೊಬ್ಬರಿಗೂ ಅತ್ತೆ ನಿಂತು, ಹಗೇವಿನಲ್ಲಿ ಸತ್ತ ತಮ್ಮ ನಾದಿನಿಯ ಹೆಸರು ಹಿಡಿದು, ಮೊದಲಿಂದ ಕೊನೆಯವರೆಗೂ ಹೇಳಿದರು. ನಾಲ್ಕು ಮನೆ ದಾಟುವಷ್ಟರಲ್ಲಿ ಮಧ್ಯಾಹ್ನವಾಯಿತು. ನಾನು ಅವತ್ತು ಸ್ಕೂಲಿಗೆ ರಜೆ ಹಾಕಿ, ಬಿಸಿಲಲ್ಲಿ ಅವರ ಮೇಲೆ ಕೊಡೆ ಹಿಡಿದು ಹಿಂದೆಯೇ ನಡೆದೆ.